ಕುವೈತಿನಲ್ಲಿ ಉಳಿದ ಮದುಮಗ

ಬೆಳಿಗ್ಗೆ ಗೋಡೆಯಾಚೆಯಿಂದ ತುಪ್ಪದನ್ನದ ಪರಿಮಳ ಬಂತು. ಪಕ್ಕದ ಮನೆಯ ಹಮೀದ ಕುವೈತಿನಿಂದ ರಜೆಯಲ್ಲಿ ಬಂದಿದ್ದಾನೆ. ಈ ಪರಿಮಳ ಬಂದಾಗೆಲ್ಲ ನನಗೆ ಅವನ ಮದುವೆ ನೆನಪಾಗುತ್ತದೆ. ಅವನೇ ಇಲ್ಲದ ಮದುವೆ.

ಅಮೆರಿಕದ ಆ ಎರಡು ಗೋಪುರಗಳು ಕುಸಿದದ್ದನ್ನು ನಾನು ನೋಡಿದ್ದು ಅವನ ತಾಯಿ ನೆಬಿಸಮ್ಮನ ಟಿವಿಯಲ್ಲಿ. ಅಂದಿನಿಂದ ದಿನವೂ ಅವರಿಗೆ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸವಾಯಿತು. ತೋಡಾರಿನ ಶಾಲಾಮಾಸ್ತರನಾದ ನಾನು ವಿದೇಶಾಂಗ ಸಚಿವನ ಗತ್ತಿನಲ್ಲಿ ಓದುತ್ತಿದ್ದೆ.

ಹಮೀದನ ಮದುವೆಗೆ ದಿನ ಗೊತ್ತಾದಾಗ ಇರಾಕಿನ ಸುದ್ದಿ ಜೋರಾಗಿತ್ತು. ಅಮೆರಿಕ ವಿಶ್ವಸಂಸ್ಥೆಯಲ್ಲಿ ಮಾತಾಡುತ್ತಿದೆ, ಅದರ ಸೈನ್ಯ ಆಗಲೇ ಕುವೈತಿನಲ್ಲಿದೆ ಎಂದು ಓದಿದೆ.

"ಮದುವೆ ಅಡಿಗೆಯವರಿಗೆ ಮೊದಲೇ ಹೇಳಿಟ್ಟು, ಆಮೇಲೆ ಹೆಣ್ಣು ನೋಡ್ಲಿಕ್ಕೆ ಬಂದ ಹಾಗೆ ಉಂಟಲ್ಲ ಮಾಸ್ಟ್ರೇ" ಎಂದರು ನೆಬಿಸಮ್ಮ.

ನಾನು ನಕ್ಕೆ. ಅವರು ನಗಲಿಲ್ಲ. ಮಗ ಆ ಕುವೈತಿನಲ್ಲೇ ಇದ್ದ.

ಮದುವೆಯ ವಾರವೇ ಅಮೆರಿಕ ಇರಾಕಿಗೆ ಗಡುವು ಕೊಟ್ಟಿತು, ವಿಮಾನಗಳು ರದ್ದಾದವು. ನಿಕಾಹ್‌ಗೆ ತನ್ನ ಪರವಾಗಿ ತಾಯಿಯ ಅಣ್ಣ ಮೊಯ್ದು ಮಾವ ಕೂರಲಿ ಎಂದು ಹಮೀದ ಫೋನಿನಲ್ಲಿ ಹೇಳಿದ. ಮದುಮಗ ದೂರವಿದ್ದರೆ ಹಾಗೆ ಮಾಡುವ ಕ್ರಮ ಉಂಟು. ಬೆಳುವಾಯಿಯ ಹೆಣ್ಣಿನ ತಂದೆ ಮಾತ್ರ ಅನುಮಾನಿಸಿದರು. "ಯುದ್ಧ ಮುಗಿಯಲಿ, ಕಾಯುವ."

"ಕಾಯುವುದಾದ್ರೆ ಹೆಂಡತಿಯಾಗಿ ಕಾಯ್ತೇನೆ ಬಾಪಾ" ಎಂದಳು ಮಗಳು ಜೊಹರಾ.

ನಿಕಾಹ್ ದಿನ ಮೊಯ್ದು ಮಾವ ಬೆವರುತ್ತಾ ಹೆಣ್ಣಿನ ತಂದೆಯ ಕೈ ಹಿಡಿದರು. ಹಮೀದನಿಗಾಗಿ ಒಪ್ಪಿದ್ದೇನೆ ಎನ್ನಬೇಕಿತ್ತು. ಗಾಬರಿಯಲ್ಲಿ, ತಮ್ಮ ನಿಕಾಹ್‌ನಲ್ಲಿ ಅಂದಂತೆಯೇ, ನನಗಾಗಿ ಒಪ್ಪಿದ್ದೇನೆ ಎಂದುಬಿಟ್ಟರು.

"ಯಾರಿಗೆ?" ಎಂದರು ನಿಕಾಹ್ ನಡೆಸುತ್ತಿದ್ದ ಉಸ್ತಾದರು.

ಪರದೆಯ ಹಿಂದಿನಿಂದ ಮಾವನ ಹೆಂಡತಿ ಹೇಳಿದರು: "ಬಿಡಿ ಉಸ್ತಾದ್, ಬಾಯಲ್ಲಿ ಹಲ್ಲಿಲ್ಲ, ಆಸೆ ನೋಡಿ."

ಇಡೀ ಚಪ್ಪರ ನಕ್ಕಿತು. ಎರಡನೇ ಸಲ ಮಾವ ಹಮೀದನ ಹೆಸರನ್ನು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ನೆಬಿಸಮ್ಮ ಅಳುತ್ತಲೇ ನಗುತ್ತಿದ್ದರು. ಇರಾಕಿನ ಮೇಲೆ ಬಾಂಬುಗಳು ಬೀಳತೊಡಗಿದಾಗ ಜೊಹರಾ ಅತ್ತೆಯ ಜೊತೆ ಫೋನಿನ ಪಕ್ಕ ಕೂತಿದ್ದಳು. ಹಮೀದ ಮಳೆಗಾಲಕ್ಕೆ ಮೊದಲು ಕ್ಷೇಮವಾಗಿ ಬಂದ.

ಇಂದು ಪತ್ರಿಕೆ ಹಿಡಿದು ಜಗಲಿಯಲ್ಲಿದ್ದೆ. ಗೋಡೆಯಾಚೆಯಿಂದ ಜೊಹರಾ ಕೇಳಿದಳು, "ಅಮೆರಿಕದವರದ್ದು ಏನು ಸುದ್ದಿ ಮಾಸ್ಟ್ರೇ?"

"ಇರಾನಿನ ವಿಷಯ. ಮಾತುಕತೆ ಮುಗಿಯುವುದೇ ಇಲ್ಲ."

"ಮುಗಿಯದಿದ್ದರೆ ಒಳ್ಳೆದಲ್ವಾ? ಮಾತಾಡ್ತಾ ಇರಲಿ."

ಎಳೆದಾಡುವ ಮಾತುಕತೆಯನ್ನು ಜೀವಮಾನವಿಡೀ ಹಳಿದವನು ನಾನು. ಆ ಸುದ್ದಿಯನ್ನು ಇನ್ನೊಮ್ಮೆ, ಸಂತೋಷದಿಂದ ಓದಿದೆ.