ಸದ್ದಿಲ್ಲದ ಮೋಟಾರು

“ಅಮ್ಮ, ಚಿಕ್ಕತಾಯಜ್ಜಿ ಯಾಕೆ ಕಿರುಚ್ಕೊಂಡೇ ಮಾತಾಡ್ತಾರೆ?” ಎಂದು ಮಗಳು ಧನ್ಯಾ ಬೆಳಿಗ್ಗೆ ಕೇಳಿದಾಗ ಅನುಶ್ರೀ, “ಮಿಲ್ಲಿನ ಅಭ್ಯಾಸ ಕಣೇ,” ಎಂದು ಬುತ್ತಿ ಹಿಡಿದು ಹೊರಟಿದ್ದಳು.

ಚನ್ನರಾಯಪಟ್ಟಣದ ಕೊಬ್ಬರಿ ಎಣ್ಣೆ ಮಿಲ್ಲಿನಲ್ಲಿ ಅನುಶ್ರೀಯ ಜತೆ ದುಡಿಯುವ ಚಿಕ್ಕತಾಯಮ್ಮ ಇಪ್ಪತ್ತೆರಡು ವರ್ಷದಿಂದ ಮಿಷನ್ನಿಗೆ ಕೊಬ್ಬರಿ ಸುರಿಯುವವಳು. ಆ ಗದ್ದಲದಲ್ಲಿ ಎಲ್ಲರೂ ಕಿರುಚುವವರೇ. ಯುಗಾದಿ ಕಳೆದ ಮೇಲೆ ಕರೆಂಟು ಉಳಿಸುವ ಯೋಜನೆಯಲ್ಲಿ ಹೊಸ ಮೋಟಾರು, ಹೊಸ ದೀಪಗಳು ಬಂದವು. ಬಿಲ್ಲು ಇಳಿದದ್ದು ಸಾಹುಕಾರರಿಗೆ. ಹೆಂಗಸರಿಗೆ ಸೆಕೆ ತಗ್ಗಿತು, ತಲೆನೋವು ಬಿಟ್ಟಿತು, ಪಿಸುಮಾತೂ ಕೇಳತೊಡಗಿತು. ಚಿಕ್ಕತಾಯಮ್ಮ ಮಾತ್ರ ಕಿರುಚುತ್ತಲೇ ಇದ್ದಳು.

ಆ ಮಧ್ಯಾಹ್ನ ಅವಳು ನಿಂತಿದ್ದ ಮಿಷನ್ನಿನ ಬಾಯಿಗೆ ಕೈಹಾಕಿ, ಸಿಕ್ಕಿಕೊಂಡ ಚೂರು ತೆಗೆಯುತ್ತಿದ್ದಳು. ಆಚೆ ಯಾರೋ ಸ್ವಿಚ್ಚು ಒತ್ತಿದರು. “ಚಿಕ್ತಾಯಕ್ಕಾ!” ಎಂದು ಅನುಶ್ರೀ ಕೂಗಿದರೂ ಅವಳು ತಿರುಗಲಿಲ್ಲ. ಓಡಿಹೋಗಿ ರಟ್ಟೆ ಹಿಡಿದೆಳೆದಾಗ, ಒಳಗೆ ಅವಳ ಬಳೆಯ ಚೂರುಗಳು ಸುತ್ತುತ್ತಿದ್ದವು.

“ಕೂಗಿದ್ರೆ ಸಿವನಿಗೆ ಕೇಳ್ತದೆ, ನಂಗಲ್ಲ ಕಣವ್ವ,” ಎಂದಳು ಚಿಕ್ಕತಾಯಮ್ಮ. “ಅಳೇ ಮೋಟ್ರಾದ್ರೆ ನೆಲ ಅದುರೋದು, ಗೊತ್ತಾಗೋದು. ಕಿವಿ ಓಗ್ಬುಟ್ಟದೆ ಅಂದ್ರೆ ಸಾವ್ಕಾರ್ರು ಮನೆಗೆ ಕಳುಸ್ಬುಡ್ತಾರೆ, ಯಾರ್ಗೂ ಏಳ್ಬ್ಯಾಡ. ದಿನಾ ನನ್ ಪಕ್ಕದಲ್ಲೇ ನಿಂತ್ಕೊ. ಸ್ವಿಚ್ ಆಕೋಕ್ ಮುಂಚೆ ನನ್ ಸೆರಗು ಎಳಿ. ಅಷ್ಟ್ ಮಾಡ್ತೀಯಾ?”