ಹಳ್ಳದ ಅಳತೆ

ನಲವತ್ತು ವರ್ಷ ಗಿರಾಕಿಗಳೊಂದಿಗೆ ಜಗಳವಾಡಿಕೊಂಡೇ ಬಟ್ಟೆ ಹೊಲಿದ ದರ್ಜಿ ಅಜ್ಜ, ಅಂಗಡಿ ಮುಚ್ಚಿದ ಮೇಲೂ ಕೈಕಟ್ಟಿ ಕೂರಲಿಲ್ಲ. ಬೀದಿಯವರೆಲ್ಲ ಸೇರಿ ಕಸ ಎತ್ತಿ ಚೊಕ್ಕ ಮಾಡಿದ್ದ ಹಳ್ಳದ ದಂಡೆಯಲ್ಲಿ ಹಸಿರು ಬೆಳೆಸುವ ಕೆಲಸವನ್ನು ತಾನೇ ಮೈಮೇಲೆ ಎಳೆದುಕೊಂಡ. ಕೊರಳಲ್ಲಿ ಅದೇ ಹಳೆಯ ಟೇಪು. ಜೊಂಡಿನ ಸಸಿಗಳನ್ನು ಗೇಣಿಗೊಂದರಂತೆ, ಹೊಲಿಗೆ ಹಾಕಿದಷ್ಟು ನೇರವಾಗಿ ನೆಟ್ಟ. ಯಾರಾದರೂ ಅರ್ಧ ಇಂಚು ಆಚೀಚೆ ನೆಟ್ಟರೆ ಕೀಳಿಸಿ ಮತ್ತೆ ನೆಡಿಸುತ್ತಿದ್ದ.

ಮೊದಲ ಮಳೆಗೇ ಹಳ್ಳ ಉಕ್ಕಿ ಆ ಸಾಲನ್ನೆಲ್ಲ ಕಿತ್ತು, ಕೆಳಗಿನ ತಿರುವಿನಲ್ಲಿ ರಾಶಿ ಹಾಕಿತು. ಅಜ್ಜ ಮೂರು ದಿನ ಮುಖ ಗಂಟು ಹಾಕಿಕೊಂಡು ಮನೆಯಲ್ಲೇ ಕೂತ.

"ಗಿರಾಕಿಗೆ ಹಿಡಿಸ್ಲಿಲ್ಲ, ಬಿಚ್ಚಿ ಹಾಕ್ತು. ಅದಕ್ಯಾಕೆ ಇಷ್ಟು ಸಿಟ್ಟು ಮಾಡ್ಕೋತೀರಿ?" ಎಂದಳು ಅಜ್ಜಿ.

ಎರಡು ತಿಂಗಳ ಮೇಲೆ ಅವಳೇ ಅವನನ್ನು ಆ ತಿರುವಿಗೆ ಎಳೆದೊಯ್ದಳು. ರಾಶಿ ಬಿದ್ದಲ್ಲೇ ಬೇರುಬಿಟ್ಟ ಜೊಂಡು ಸೊಟ್ಟಸೊಟ್ಟಗೆ, ಒತ್ತೊತ್ತಾಗಿ ಎದೆಯೆತ್ತರ ಬೆಳೆದಿತ್ತು. ಅದರೊಳಗಿಂದ ನೀರುಕೋಳಿಯೊಂದು ಐದು ಕರಿ ಮರಿಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಈಜುತ್ತ ಬಂತು.

ಅಜ್ಜ ಬಹಳ ಹೊತ್ತು ನೋಡಿದ. ಆಮೇಲೆ ಬಾಯ್ತುಂಬ ನಕ್ಕು, ಕೊರಳಿನ ಟೇಪನ್ನು ತೆಗೆದು ಅಜ್ಜಿಯ ಕೈಗಿಟ್ಟ.

"ಇಟ್ಕೋ," ಎಂದ. "ಈ ಗಿರಾಕಿಗೆ ತನ್ನ ಅಳತೆ ನನಗಿಂತ ಚೆನ್ನಾಗಿ ಗೊತ್ತು."