ಸ್ಟೇರಿಂಗಿನಿಂದ ನೆಲಕ್ಕಿಳಿದ ಗೇರ್

ಆಗುವುದೇ ಇಲ್ಲ ಎಂದು ಮೊದಲು ಹೇಳಿದ್ದು ನನ್ನ ಸೋದರಮಾವ, ನಂತರ ಬೆಳ್ತಂಗಡಿಯ ಗ್ಯಾರೇಜಿನ ಮೇಸ್ತ್ರಿ. ಮೇಸ್ತ್ರಿಯ ಮಾತು ನನಗೆ ತಾಗಲಿಲ್ಲ. ಅವರು ಎಲ್ಲದಕ್ಕೂ ಆಗುವುದಿಲ್ಲ ಎಂದು ಹೇಳಿಯೇ ಮಾಡಿಕೊಡುವವರು. ಮಾವನ ಮಾತು ಚುಚ್ಚಿತು. ನಮ್ಮ ಕುಟುಂಬದಲ್ಲಿ ಪದವಿ ಓದಿದ ಮೊದಲ ಜೀವ ನಾನು. ಡಿಪ್ಲೊಮಾ ಮುಗಿಸಿ, ಮೂಡುಬಿದಿರೆಯ ಬಿಡಿಭಾಗದ ಅಂಗಡಿಯಲ್ಲಿ ಎರಡು ವರ್ಷ ನಿಂತು, ಆಮೇಲೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದವಳು. ಗಣಿತದ ಒಂದು ಪೇಪರನ್ನು ಮೂರು ಸಲ ಬರೆದವಳು. ಈಗ ಮಿಜಾರಿನ ಕಡೆ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಪಾಠ ಮಾಡುತ್ತೇನೆ. ಅಂಥವಳಿಗೆ ಮಾವ ಹೇಳಿದರು:

"ಪೂಜೆ ಮಾಡುವ ಗೇರನ್ನು ಕಾಲಬುಡಕ್ಕೆ ತರ್ತೀಯಾ? ಅದೆಲ್ಲ ಆಗುವ ಮಾತಲ್ಲ ಇಂಜಿನಿಯರೇ."

ಮಾವನ ಲಾರಿ ನನಗಿಂತ ಹಿರಿಯದು. ಉದ್ದ ಮೂಗಿನ ಪೆಟ್ರೋಲ್ ಲಾರಿ. ಒಂದು ಕಾಲದಲ್ಲಿ ಬಂಟ್ವಾಳದಿಂದ ಹಂಚು ಹೊತ್ತದ್ದು, ಈಗ ಮದುವೆಮನೆಗಳಿಗೆ ಕುರ್ಚಿ, ಮೇಜು, ಪಾತ್ರೆ ಹೊರುತ್ತದೆ. ಅದರ ಗೇರ್ ನೆಲದಲ್ಲಿಲ್ಲ. ಸ್ಟೇರಿಂಗ್ ಚಕ್ರದ ಕೆಳಗೆ ಎಡಗೈಗೆ ಸಿಗುವ ಹಾಗೆ ಒಂದು ಕಡ್ಡಿ. ಆಯುಧಪೂಜೆಯ ದಿನ ಮಾವ ಮೊದಲ ಕುಂಕುಮ ಇಡುವುದು ಆ ಕಡ್ಡಿಯ ಗುಂಡಿಗೆ, ಎಂಜಿನ್ನಿಗೆ ಆಮೇಲೆ.

ಕಡ್ಡಿಯಿಂದ ಗೇರ್‌ಬಾಕ್ಸಿಗೆ ಇಳಿಯುವ ರಾಡುಗಳ ಕೀಲುಗಳೆಲ್ಲ ಸವೆದುಹೋಗಿದ್ದವು. ಒಂದನೇ ಗೇರಿಗೂ ರಿವರ್ಸಿಗೂ ನಡುವೆ ಸಿಕ್ಕಿಬೀಳುತ್ತಿತ್ತು. ಆಗ ಮಾವ ಇಳಿದು, ಬಾನೆಟ್ ಎತ್ತಿ, ಸ್ಪ್ಯಾನರಿನಲ್ಲಿ ಬಡಿದು ಬಿಡಿಸಬೇಕು. ಫಿಟ್‌ನೆಸ್ ಪರೀಕ್ಷೆಗೆ ಹೋದಾಗ ಇನ್‌ಸ್ಪೆಕ್ಟರರ ಎದುರೇ ಹೀಗಾಯಿತು, ಎರಡು ಸಲ. ಎರಡನೇ ಸಲ ಅವರು, ಇನ್ನೊಮ್ಮೆ ಹೀಗಾದರೆ ಇದನ್ನು ಗುಜರಿಗೆ ಕೊಡಿ ಅಜ್ಜ ಎಂದರಂತೆ. ಬೇರೆ ಕೀಲುಗಳಿಗೆ ನಾನು ಹುಡುಕದ ಅಂಗಡಿಯಿಲ್ಲ. ಅಂಥ ಸಾಮಾನು ಈಗ ಯಾರೂ ಮಾಡುವುದಿಲ್ಲ. ಲಾರಿ ಹೋದರೆ ಮಾವನ ಕೆಲಸ ಹೋಯಿತು. ಲಾರಿಯಿಲ್ಲದ ಮಾವನನ್ನು ನಾನು ಕಂಡೇ ಇಲ್ಲ.

ಉಳಿದದ್ದು ಒಂದೇ ದಾರಿ. ಆ ರಾಡುಗಳನ್ನೆಲ್ಲ ಕಿತ್ತು, ಗೇರ್‌ಬಾಕ್ಸಿನ ಪಕ್ಕದಿಂದಲೇ ನೆಲದ ತಗಡಿನ ಮೂಲಕ ಒಂದು ಲಿವರ್ ಎಬ್ಬಿಸುವುದು. ಕಾರ್ಡುಬೋರ್ಡಿನಲ್ಲಿ ಮಾದರಿ ಮಾಡಿದೆ, ನಕ್ಷೆ ಬರೆದೆ. ಮೇಸ್ತ್ರಿ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಮೇಲೆ ಯಾವುದು ಮೇಡಂ ಎಂದರು.

ನಾಲ್ಕು ಭಾನುವಾರ ಹೋಯಿತು. ಮೂಡುಬಿದಿರೆಯಿಂದ ಬೆಳಗಿನ ಬಸ್ಸು ಹಿಡಿದು ಬೆಳ್ತಂಗಡಿ, ಸಂಜೆ ಮೈಯೆಲ್ಲ ಗ್ರೀಸು ಮಾಡಿಕೊಂಡು ವಾಪಸು. ಐದನೇ ಭಾನುವಾರ ಮಾವ ಕೂತು, ಲಿವರನ್ನು ಹಿಂದಕ್ಕೆ ಎಳೆದು, ಕ್ಲಚ್ ಬಿಟ್ಟರು. ಒಂದನೇ ಗೇರಿನಲ್ಲಿ ಮುಂದೆ ಹೋಗಬೇಕಾದ ಲಾರಿ ಹಿಂದೆ ಹೋಗಿ ಗ್ಯಾರೇಜಿನ ನೀರಿನ ಡ್ರಮ್ಮನ್ನು ಉರುಳಿಸಿತು. ಲಿವರಿನ ಕೀಲನ್ನು ನಾನು ಅದು ತಳ್ಳುವ ಹೊಸ ರಾಡಿನ ಮೇಲ್ಗಡೆ ಕೂರಿಸಿದ್ದೆ. ಕೆಳಗಡೆ ಕೂರಿಸಬೇಕಿತ್ತು. ಎಲ್ಲವೂ ಉಲ್ಟಾ. ಮೊದಲ ಸೆಮಿಸ್ಟರಿನ ಮಕ್ಕಳಿಗೆ ನಾನೇ ಮಾಡುವ ಪಾಠ ಅದು. ಮೇಸ್ತ್ರಿ ಡ್ರಮ್ಮನ್ನು ಎತ್ತಿ ನಿಲ್ಲಿಸಿದರು. ಬೈದಿದ್ದರೆ ವಾಸಿಯಿತ್ತು.

ಮತ್ತೆರಡು ಭಾನುವಾರ. ಗೇರ್ ಸರಿಯಾಗಿ ಬೀಳತೊಡಗಿತು. ಒಂದು ಸುತ್ತು ಮೂಡುಬಿದಿರೆವರೆಗೆ ಹೋಗಿಬರುವ ಎಂದೆ. ವೇಣೂರು ದಾಟಿ ನೇರ ರಸ್ತೆ ಸಿಕ್ಕಿತು. ಮಾವ ಮೂರನೇ ಗೇರಿಗೆಂದು ಲಿವರನ್ನು ತಮ್ಮ ಕಡೆಗೆ ತಂದು ಹಿಂದಕ್ಕೆ ಎಳೆದರು. ಮೊಣಕಾಲಿನ ಮೇಲೆ ಮಡಚಿ ಕಟ್ಟಿದ್ದ ಅವರ ಮುಂಡು ಲಿವರಿಗೆ ಸುತ್ತಿಕೊಂಡಿತು. ಬಿಡಿಸಲು ಮುಂದಕ್ಕೆ ತಳ್ಳಿದರು, ಮುಂಡು ಪೂರ್ತಿ ಬಿಚ್ಚಿತು. ಬಸ್ಸೊಂದು ಹಿಂದಿನಿಂದ ಹಾರ್ನ್ ಹೊಡೆಯುತ್ತಿತ್ತು. ಮಾವ ಪಟ್ಟಾಪಟ್ಟಿ ಚಡ್ಡಿಯಲ್ಲಿ ಲಾರಿಯನ್ನು ಬದಿಗೆ ತಂದು ನಿಲ್ಲಿಸಿದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಮುಂಡು ಉಟ್ಟುಕೊಂಡ ಮೇಲೂ ಅವರು ಲಾರಿ ಚಾಲೂ ಮಾಡಲಿಲ್ಲ.

ಪ್ಯಾಂಟು ಹಾಕಿ ಮಾವ ಎಂದೆ, ಸ್ವಲ್ಪ ಸಿಟ್ಟಿನಲ್ಲೇ.

"ಲಾರಿಗೆ ಸರಿಯಾಗಿ ನಾನು ಬಟ್ಟೆ ಹಾಕಬೇಕಾ? ಇಷ್ಟು ವರ್ಷ ಮುಂಡಿನಲ್ಲೇ ಬಿಟ್ಟದ್ದು. ಪರೀಕ್ಷೆಯ ದಿನ ಒಂದು ಖಾಕಿ ಹಾಕ್ತೇನೆ, ಅಷ್ಟೇ. ನೀನು ಯಾರ ಕಾಲು ನೋಡಿ ಅಳತೆ ತೆಗೆದದ್ದು?"

ಡ್ರೈವರ್ ಸೀಟಿನಲ್ಲಿ ಚೂಡಿದಾರ ಹಾಕಿಕೊಂಡು ನಾನೇ ಕೂತು, ನನ್ನ ಮೊಣಕಾಲಿನಿಂದ ಅಳೆದದ್ದು. ಲಾರಿ ಬಿಡುವವರನ್ನು ಒಮ್ಮೆಯೂ ಕೂರಿಸಿ ನೋಡಿರಲಿಲ್ಲ. ಅಲ್ಲಿಂದ ಹಿಂದೆ ಬರುವ ಅಷ್ಟೂ ದಾರಿ ಮಾವ ಎರಡನೇ ಗೇರಿನಲ್ಲೇ ಲಾರಿ ಬಿಟ್ಟರು. ಅಷ್ಟು ಉದ್ದದ ದಾರಿಯನ್ನು ನಾನು ಮತ್ತೆ ಕಂಡಿಲ್ಲ.

ಮುಂದಿನ ಭಾನುವಾರ ಮಾವನನ್ನೇ ಸೀಟಿನಲ್ಲಿ ಕೂರಿಸಿದೆ. ಮುಂಡು ಮಡಚಿ ಕಟ್ಟಿ ಎಂದೆ. ಹೆಣ್ಣುಮಗಳು ಹೇಳುವ ಮಾತಾ ಇದು ಎಂದು ಗೊಣಗಿ ಕಟ್ಟಿದರು. ಬಟ್ಟೆ ಎಲ್ಲಿಯವರೆಗೆ ಹರಡುತ್ತದೋ ಅಲ್ಲಿ ಸೀಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಮೇಸ್ತ್ರಿ ಲಿವರನ್ನು ಕೆಂಪಗೆ ಕಾಯಿಸಿ, ಆ ಗೆರೆಯಿಂದ ಒಂದು ಗೇಣು ದೂರ ಇರುವಂತೆ ಬಗ್ಗಿಸಿದರು. ನಕ್ಷೆಯಲ್ಲಿ ನೆಟ್ಟಗಿದ್ದದ್ದು ಈಗ ಸೊಟ್ಟ. ನಕ್ಷೆ ಹೊಸದಾಗಿ ಬರೆದೆ.

ಬಂಟ್ವಾಳದಲ್ಲಿ ಮೂರನೇ ಸಲದ ಪರೀಕ್ಷೆ. ಇನ್‌ಸ್ಪೆಕ್ಟರರು ಬಗ್ಗಿ ಕೆಳಗೆಲ್ಲ ಟಾರ್ಚು ಬಿಟ್ಟು ನೋಡಿದರು. ಈ ಬದಲಾವಣೆಗೆ ಜವಾಬ್ದಾರಿ ಯಾರು, ನಕ್ಷೆಗೆ ಸಹಿ ಎಲ್ಲಿ ಎಂದು ಕೇಳಿದರು. ಅಲ್ಲೇ ಲಾರಿಯ ಮೂಗಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ಹೆಸರಿನ ಮುಂದೆ ಬಿ.ಇ. ಎಂದೂ ಬರೆದೆ. ಆಮೇಲೆ ಅವರು ಮಾವನ ಪಕ್ಕ ಕೂತು ಮೈದಾನಕ್ಕೆ ಎರಡು ಸುತ್ತು ಹಾಕಿಸಿದರು, ನಿಲ್ಲಿಸಿ ರಿವರ್ಸ್ ಹಾಕಿಸಿದರು, ಮತ್ತೆ ಒಂದನೆಯದು, ಮತ್ತೆ ರಿವರ್ಸ್. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಇಳಿದವರು, ಕಡ್ಡಿ ಯಾಕೆ ಇಷ್ಟು ಸೊಟ್ಟ ಎಂದು ಕೇಳಿದರು. ಖಾಕಿ ಹಾಕಿ ಕೂತಿದ್ದ ಮಾವ ನನ್ನ ಮುಖ ನೋಡಿದರು. ಡ್ರೈವರರ ಅಳತೆ ಸರ್ ಎಂದೆ.

ಸಂಜೆಯೊಳಗೆ ಆಫೀಸಿನ ಕಿಟಕಿಯಿಂದ ಸರ್ಟಿಫಿಕೇಟ್ ಕೈಗೆ ಬಂತು. ಮಾವ ಅದನ್ನು ಎರಡು ಸಲ ಮಡಚಿ ಖಾಕಿಯ ಜೇಬಿಗೆ ಹಾಕಿಕೊಂಡರು. ಲಾರಿ ಹತ್ತಿ, ಲಿವರಿನ ಗುಂಡಿಯನ್ನು ಅಂಗೈಯಿಂದ ಒರೆಸಿದರು.

"ಇನ್ನು ಕುಂಕುಮ ಇಡಬೇಕಾದರೆ ನಾನು ಬಗ್ಗಬೇಕು ಮಾರಾಯ್ತಿ," ಎಂದರು. "ಬಗ್ಗುವ. ಏನು ಮಾಡುವುದು."